ಮೂರು ಬಿಳಿ ಚುಕ್ಕಿ

ಸ್ಕ್ಯಾನ್ ಪರದೆಯ ಮೇಲೆ ಗರ್ಭದೊಳಗಿನ ಮಗುವಿನ ಹೊಟ್ಟೆಯ ಭಾಗ ಬಂದಾಗ ಡಾ. ಶಾಲ್ಮಲಾ ಹಂಚಿನಮನಿಯ ಕೈ ತಾನಾಗಿಯೇ ನಿಧಾನವಾಯಿತು. ಲಿವರಿನ ಬೂದು ಬಣ್ಣದೊಳಗೆ ಮೂರು ಬಿಳಿ ಚುಕ್ಕಿಗಳಿದ್ದವು. ಆಕೆ ಸಾಧನವನ್ನು ಓರೆ ಮಾಡಿ ಇನ್ನೊಂದು ಕಡೆಯಿಂದ ನೋಡಿದಳು. ಚುಕ್ಕಿಗಳು ಅಲ್ಲೇ ಇದ್ದವು, ಅವುಗಳ ಹಿಂದೆ ತೆಳ್ಳಗೆ ನೆರಳು. ಶಬ್ದದ ಅಲೆ ಮೆತ್ತಗಿನ ಅಂಗವನ್ನು ದಾಟಿ ಹೋಗುತ್ತದೆ, ಸುಣ್ಣದಂಥ ಗಟ್ಟಿ ಕಣಕ್ಕೆ ಬಡಿದರೆ ತಿರುಗಿ ಬರುತ್ತದೆ. ಬಿಳುಪಿಗೂ ನೆರಳಿಗೂ ಅದೇ ಕಾರಣ.

"ಏನ್ ನೋಡಾಕತ್ತೀರಿ ಅಷ್ಟೊತ್ತಿನಿಂದ?" ಎಂದು ಮಲಗಿದ್ದ ಸಾವಂತ್ರಿ ಕೇಳಿದಳು.

ಸಾವಂತ್ರಿ ಹೂಗಾರಳಿಗೆ ಇಪ್ಪತ್ತೊಂಬತ್ತು ವರ್ಷ. ಹಳೇ ಹುಬ್ಬಳ್ಳಿಯಲ್ಲಿ ಗಂಡ ಮಲ್ಲೇಶಿಯ ಜೊತೆ ಒಂದು ಖಾನಾವಳಿ ನಡೆಸುತ್ತಿದ್ದಳು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಮೊದಲ ಬಸಿರು. ಈಗ ಇಪ್ಪತ್ತನೆಯ ವಾರ.

"ಲಿವರಿನೊಳಗ ಸಣ್ಣ ಸಣ್ಣ ಸುಣ್ಣದ ಚುಕ್ಕಿ ಅದಾವ," ಎಂದಳು ಶಾಲ್ಮಲಾ. "ಯಾಕ ಅಂತ ನೋಡಬೇಕು. ರಕ್ತದ ಪರೀಕ್ಷೆ ಮಾಡಸೂಣು, ಗರ್ಭದ ನೀರಿಂದೂ ಒಂದು ಪರೀಕ್ಷೆ ಐತಿ."

"ಕೂಸಿಗೆ ನೋವಾಗತೈತೇನ್ರಿ?"

"ಇಲ್ಲವ್ವ. ಅದಕ್ಕ ಗೊತ್ತೂ ಇಲ್ಲ."

ಇಪ್ಪತ್ತೆಂಟು ವರ್ಷದ ವೃತ್ತಿಯಲ್ಲಿ ಶಾಲ್ಮಲಾ ಇಂಥ ಚುಕ್ಕಿಗಳನ್ನು ಬಹಳ ಸಲ ಕಂಡಿದ್ದಳು. ಕೆಲವೊಮ್ಮೆ ತಾಯಿಗೆ ತಗುಲಿದ ಸೋಂಕಿನ ಗುರುತು, ಅಪರೂಪಕ್ಕೆ ವರ್ಣತಂತುಗಳ ದೋಷ. ಅವೆರಡೂ ಇಲ್ಲದಿದ್ದರೆ ಬಹಳ ಮಟ್ಟಿಗೆ ಏನೂ ಅಲ್ಲ. ಮೊದಲಾಗಿದ್ದರೆ, "ಅಂಜಬ್ಯಾಡ್ರಿ, ಮುಂದಿನ ತಿಂಗಳು ಮತ್ತೊಮ್ಮೆ ಬರ್ರಿ" ಎಂದು ಕಳಿಸುತ್ತಿದ್ದಳು.

'ಮುನ್ನೋಟ' ಎಂಬ ಯಂತ್ರ ಬಂದ ಮೇಲೆ ಹಾಗೆ ಹೇಳುವ ಕೆಲಸ ಅವಳ ಕೈಬಿಟ್ಟಿತ್ತು. ಹನ್ನೆರಡು ವರ್ಷಗಳಿಂದ ರಾಜ್ಯದ ಎಲ್ಲ ಸ್ಕ್ಯಾನ್ ಕೋಣೆಗಳ ಚಿತ್ರಗಳು ಧಾರವಾಡದ ಮುನ್ನೋಟ ಕೇಂದ್ರಕ್ಕೆ ಹೋಗುತ್ತಿದ್ದವು. ಪ್ರತಿ ಮಗುವಿಗೆ ಮುಂದೆ ಏನಾಯಿತೆಂಬ ವರದಿಯೂ ಆಸ್ಪತ್ರೆಗಳಿಂದ ಅಲ್ಲಿಗೇ ಹೋಗುತ್ತಿತ್ತು. ಎರಡನ್ನೂ ಕೂಡಿಸಿ ನೋಡಿ ಯಂತ್ರ ಕಲಿಯುತ್ತಿತ್ತು. ಹೊಸ ಚಿತ್ರ ಬಂದಾಗ, ಇಂಥ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ದೊಡ್ಡ ತೊಂದರೆಯಾಗುತ್ತದೆ ಎಂಬುದನ್ನು ಒಂದು ಅಂಕವಾಗಿ ಹೇಳುತ್ತಿತ್ತು. ಆ ಅಂಕವನ್ನು ಅಚ್ಚು ಹಾಕಿ ತಂದೆತಾಯಿಯ ಕೈಗೆ ಕೊಡಬೇಕೆಂದು ನಿಯಮ. ಯಂತ್ರವನ್ನು ರೂಪಿಸಿದ ಸಮಿತಿಯಲ್ಲಿ ಶಾಲ್ಮಲಾ ಕೂಡ ಇದ್ದಳು. ಡಾಕ್ಟರ ಮನಸ್ಸಿನ ಏರಿಳಿತ ಇಲ್ಲದ, ಹಳ್ಳಿಗೂ ನಗರಕ್ಕೂ ಒಂದೇ ಆದ ಉತ್ತರ ಸಿಗಬೇಕು ಎನ್ನುವುದು ಆಗ ಅವಳದೇ ಮಾತು.

ಹತ್ತು ದಿನಕ್ಕೆ ಪರೀಕ್ಷೆಗಳ ಫಲಿತಾಂಶ ಬಂತು. ಸೋಂಕು ಇರಲಿಲ್ಲ. ವರ್ಣತಂತುಗಳು ಸರಿಯಾಗಿದ್ದವು. ಎರಡನ್ನೂ ಯಂತ್ರಕ್ಕೆ ಕೊಟ್ಟ ಮೇಲೆ ಶಾಲ್ಮಲಾ ಸಣ್ಣ ಅಂಕವನ್ನೇ ಎದುರುನೋಡುತ್ತಿದ್ದಳು. ಅರವತ್ನಾಲ್ಕು ಬಂತು.

ಮಲ್ಲೇಶಿ ಆ ಹಾಳೆಯನ್ನು ಎರಡು ಸಲ ಓದಿದ. "ಪರೀಕ್ಷೆ ಎಲ್ಲಾ ಛಲೋ ಬಂದಾವಂದ್ರಿ. ಮತ್ತ ಇದ್ಯಾಕ ಹಿಂಗೈತಿ?"

"ಪರೀಕ್ಷೆಯೊಳಗ ಕಾಣಲಾರದ್ದೂ ಇರತಾವ್ರಿ. ಯಂತ್ರ ಸಾವಿರಾರು ಕೂಸು ನೋಡೇತಿ."

ಸಾವಂತ್ರಿ ಹಾಳೆಯನ್ನು ಮುಟ್ಟಲಿಲ್ಲ. ಡಾಕ್ಟರ ಮುಖವನ್ನೇ ನೋಡುತ್ತಿದ್ದಳು. "ಯಂತ್ರ ಇರಲ್ರಿ ಅಕ್ಕಾರ. ನಿಮ್ಮ ಮನಸ್ಸು ಏನ್ ಹೇಳತೈತಿ?"

ಶಾಲ್ಮಲಾಳಿಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯವರೆಗೆ ಬಂದೂ ಇತ್ತು. ಆದರೆ ಒಂದು ವೇಳೆ ತಾನು ತಪ್ಪಿದರೆ? ಅರವತ್ನಾಲ್ಕು ಎಂದು ಅಚ್ಚಾಗಿರುವಾಗ ಏನೂ ಆಗುವುದಿಲ್ಲ ಎಂದು ಹೇಳಿ, ನಾಳೆ ಇವರು ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದು ಎದುರು ನಿಂತರೆ?

"ಇದರಾಗ ನನ್ನ ಮನಸ್ಸಿಂದೇನಿಲ್ಲವ್ವ," ಎಂದಳು. "ನೀವಿಬ್ರೂ ಕುಂತು ವಿಚಾರ ಮಾಡ್ರಿ."

ಸಾವಂತ್ರಿ ತಲೆಯಾಡಿಸಿ ಎದ್ದಳು.

ಮಧ್ಯಾಹ್ನದ ಊಟ ಮುಗಿದು ಖಾನಾವಳಿ ಖಾಲಿಯಾಗಿತ್ತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಮನೆಗೆ ಹೋಗಿದ್ದರು. ಮಲ್ಲೇಶಿ ಮೇಜು ಒರೆಸುವುದನ್ನು ನಿಲ್ಲಿಸಿ ಒಲೆಯ ಪಕ್ಕದಲ್ಲಿ ಹೆಂಡತಿಯ ಎದುರು ಕುಳಿತ.

"ಇಟ್ಕೊಳ್ಳೂಣು, ಸಾವಂತ್ರಿ. ಹೆಂಗರ ಹುಟ್ಲಿ. ನಾನದೀನಿ."

"ನಮ್ಮಕ್ಕನ ಮಗನ್ನ ನೀವು ನೋಡೀರಲ್ರಿ?"

ಮಲ್ಲೇಶಿ ನೋಡಿದ್ದ. ಹೊಸದಾಗಿ ಮದುವೆಯಾದಾಗ ಗದಗಿಗೆ ಅವರ ಮನೆಗೆ ಹೋದರೆ, ಒಳಗಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಮಲಗಿರುತ್ತಿದ್ದ ಹುಡುಗ.

"ಒಂಬತ್ತು ವರ್ಷ ಹಂಗs ಇತ್ತು," ಎಂದಳು ಸಾವಂತ್ರಿ. "ಎಲ್ಲಿ ನೋವಾಗತೈತಿ ಅಂತ ತೋರಸಾಕ ಸೈತ ಬರ್ತಿದ್ದಿಲ್ಲ ಅದಕ್ಕ. ಅಕ್ಕ ಮೈತುಂಬ ಕೈಯಾಡಸಿ ಹುಡುಕ್ತಿದ್ಲು. ನನಗ ಆಗತೈತ್ರಿ, ನಾ ಎಷ್ಟರ ಮಾಡ್ತೀನಿ. ಆದ್ರ ಕೂಸು ಏನ್ ಪಾಪ ಮಾಡೇತಿ? ಗೊತ್ತಿದ್ದೂ ಗೊತ್ತಿದ್ದೂ ಹೆಂಗ ತರೂದು?"

"ಅದು ಬ್ಯಾರೆ ಜಡ್ಡು. ನೂರರಾಗ ಮೂವತ್ತಾರು ಛಲೋ ಇರತಾವಲ್ಲ?"

"ಅರವತ್ನಾಲ್ಕು ಇರಂಗಿಲ್ಲ."

ಮಲ್ಲೇಶಿ ಹೆಂಡತಿಯ ಹೊಟ್ಟೆಯ ಮೇಲೆ ಕೈಯಿಟ್ಟ. ಒಳಗೆ ಮಗು ಮಿಸುಕಿತು. ಸಾವಂತ್ರಿ ಅವನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು. "ಬ್ಯಾಡ್ರಿ," ಎಂದಳು. ಅವಳ ತೀರ್ಮಾನ ಆಗಿಹೋಗಿತ್ತು.

ಇಪ್ಪತ್ತೆರಡನೆಯ ವಾರದಲ್ಲಿ ಅದೇ ಆಸ್ಪತ್ರೆಯಲ್ಲಿ ಗರ್ಭ ತೆಗೆಸುವ ಕೆಲಸ ಮುಗಿಯಿತು. ಮಗುವನ್ನು ಪರೀಕ್ಷಿಸಲು ಇಬ್ಬರೂ ಸಹಿ ಮಾಡಿದರು. ಹಾಗೆ ಮಾಡಿದರೆ ಮುಂದೆ ಇನ್ನೊಬ್ಬರಿಗೆ ಉಪಯೋಗವಾದೀತು ಎಂದು ನರ್ಸ್ ಹೇಳಿದ್ದಳು.

ವಾರದ ನಂತರ ಡಾ. ಇನಾಮದಾರ ಫೋನ್ ಮಾಡಿದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅಂಗಾಂಶಗಳನ್ನು ಪರೀಕ್ಷಿಸುವ ಹಿರಿಯ ವೈದ್ಯರು ಅವರು. ಸುಮ್ಮಸುಮ್ಮನೆ ಯಾರನ್ನೂ ಕರೆಯುವವರಲ್ಲ.

"ಹೂಗಾರ ಅವರ ಕೇಸು ನಿಮ್ದಲ್ಲೇನು? ಸ್ವಲ್ಪ ಕೆಳಗ ಬರ್ರಿ."

ಅವರು ಸೂಕ್ಷ್ಮದರ್ಶಕದ ಮುಂದಿನಿಂದ ಎದ್ದು ಜಾಗ ಬಿಟ್ಟರು. ಶಾಲ್ಮಲಾ ಬಗ್ಗಿ ನೋಡಿದಳು. ಅಚ್ಚುಕಟ್ಟಾದ ಜೀವಕೋಶಗಳ ಸಾಲು. ನಡುವೆ ಒಂದು ನೇರಳೆ ಬಣ್ಣದ ಕಲೆ.

"ಯಾವಾಗೋ ಒಂದು ಸಣ್ಣ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೇತಿ," ಎಂದರು ಇನಾಮದಾರ. "ಅಲ್ಲೇ ಒಣಗಿ ಸುಣ್ಣ ಆಗೇತಿ. ಅಂಥವು ಮೂರು, ರವೆಯ ಕಾಳಿನಷ್ಟು. ಮಾಯ್ದ ಗಾಯದ ಕಲೆ ಇದ್ದಂಗ. ಉಳಿದ ಲಿವರು ಛಲೋ ಐತಿ. ಹೃದಯ ಛಲೋ, ಮಿದುಳು ಛಲೋ. ನನಗೇನೂ ಸಿಗಲಿಲ್ಲ, ಶಾಲ್ಮಲಾ."

ಆಕೆ ತಲೆಯೆತ್ತಲಿಲ್ಲ. "ಮೊದಲೂ ಹಿಂಗ ಬಂದಾವೇನ್ರಿ ಸರ್?"

"ಇಂಥ ಚುಕ್ಕಿ ಇದ್ದವು, ಪರೀಕ್ಷೆ ಛಲೋ ಇದ್ದವು, ಈ ಹನ್ನೆರಡು ವರ್ಷದಾಗ ನಲವತ್ತು ನೋಡೀನಿ. ಎರಡರಾಗ ಏನೋ ಇತ್ತು. ಉಳಿದದ್ದೆಲ್ಲಾ ಹಿಂಗs."

"ನಿಮ್ಮ ವರದಿ ಧಾರವಾಡಕ್ಕ ಹೋಗತೈತಲ್ಲ?"

"ಫೈಲಿನಾಗ ಹಾಕ್ತೀನಿ. ಧಾರವಾಡದವರು ಎಂದೂ ಕೇಳಿಲ್ಲ."

ಮರುದಿನ ಶಾಲ್ಮಲಾ ರಜೆ ಹಾಕಿ ಧಾರವಾಡಕ್ಕೆ ಹೋದಳು. ಮುನ್ನೋಟ ಕೇಂದ್ರ ಒಂದು ಎತ್ತರದ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಗೋಡೆಯ ತುಂಬ ಪರದೆಗಳು, ಒಂದೊಂದು ಜಿಲ್ಲೆಗೆ ಒಂದೊಂದು. ಆ ಗಳಿಗೆಯಲ್ಲಿ ಎಲ್ಲೋ ಒಬ್ಬ ತಾಯಿಯ ಸ್ಕ್ಯಾನ್ ಆಗುತ್ತಿದ್ದರೆ ಅಲ್ಲೊಂದು ಹಸಿರು ದೀಪ ಮಿನುಗುತ್ತಿತ್ತು. ಅಲ್ಲಿನ ಮುಖ್ಯ ಎಂಜಿನಿಯರ್ ತಬಸ್ಸುಮ್ ನದಾಫ್. ಯಂತ್ರ ಶುರುವಾದಾಗ ಕೆಲಸಕ್ಕೆ ಸೇರಿದವಳು.

ಶಾಲ್ಮಲಾ ಕೇಳಿದ್ದು ಒಂದೇ ಪ್ರಶ್ನೆ: ಲಿವರಿನಲ್ಲಿ ಸುಣ್ಣದ ಚುಕ್ಕಿ, ಬೇರೇನೂ ದೋಷವಿಲ್ಲ, ಅಂಥವರು ಈವರೆಗೆ ಎಷ್ಟು ಮಂದಿ? ಅವರಿಗೆ ಏನಾಯಿತು?

ತಬಸ್ಸುಮ್ ಕೀಲಿಮಣೆಯ ಮೇಲೆ ಬೆರಳಾಡಿಸಿದಳು. "ನಾಲ್ಕುನೂರ ಮೂವತ್ತು. ಕೆಟ್ಟ ಪರಿಣಾಮ ಇನ್ನೂರ ಎಪ್ಪತ್ತೈದು. ಬರೋಬ್ಬರಿ ಅರವತ್ನಾಲ್ಕು ಆಗ್ತದ ನೋಡ್ರಿ ಮೇಡಂ."

"ಆ ಇನ್ನೂರ ಎಪ್ಪತ್ತೈದು ಕೂಸಿಗೆ ಏನೇನು ಕಾಯಿಲೆ ಬಂತು? ಒಂದೊಂದ ತಗಿ."

ತಬಸ್ಸುಮ್ ಒಂದನ್ನು ತೆಗೆದಳು. ಕಾಯಿಲೆಯ ಹೆಸರಿನ ಜಾಗ ಖಾಲಿಯಿತ್ತು. ಇನ್ನೊಂದು ತೆಗೆದಳು, ಅದೂ ಖಾಲಿ. ಐದನೆಯದಕ್ಕೆ ಅವಳು ಕುರ್ಚಿಯನ್ನು ಮುಂದೆಳೆದುಕೊಂಡು ಬೇಗಬೇಗ ಏನೋ ಬರೆದಳು. ಪರದೆಯ ಮೇಲೆ ಹೊಸ ಪಟ್ಟಿ ಮೂಡಿತು. ಇಬ್ಬರೂ ಓದಿದರು.

ನಾಲ್ಕುನೂರ ಮೂವತ್ತರಲ್ಲಿ ಹುಟ್ಟಿದ ಮಕ್ಕಳು ನೂರ ಐವತ್ತೊಂಬತ್ತು. ಅವರಲ್ಲಿ ಕಾಯಿಲೆ ಬಂದದ್ದು ನಾಲ್ವರಿಗೆ. ಉಳಿದ ಇನ್ನೂರ ಎಪ್ಪತ್ತೊಂದು ಮಕ್ಕಳು ಹುಟ್ಟಲೇ ಇಲ್ಲ. ತಾಯಂದಿರು ಗರ್ಭ ತೆಗೆಸಿಕೊಂಡಿದ್ದರು. ಯಂತ್ರ ಆ ಎಲ್ಲರನ್ನೂ ಕೆಟ್ಟ ಪರಿಣಾಮದೊಳಗೆ ಸೇರಿಸಿತ್ತು. ಮೊದಲ ವರ್ಷ ಈ ಚುಕ್ಕಿಗೆ ಯಂತ್ರ ಕೊಟ್ಟ ಅಂಕ ಎಂಟು. ಎಂಟಕ್ಕೇ ಅಂಜಿ ಕೆಲವರು ತೆಗೆಸಿಕೊಂಡರು. ಅವರನ್ನೂ ಸೇರಿಸಿಕೊಂಡು ಮರುವರ್ಷ ಯಂತ್ರ ಹದಿಮೂರು ಅಂದಿತು. ಹದಿಮೂರಕ್ಕೆ ಇನ್ನೂ ಹೆಚ್ಚು ಜನ ಅಂಜಿದರು. ಹಾಗೆಯೇ ಇಪ್ಪತ್ತೊಂದು, ಮೂವತ್ತನಾಲ್ಕು, ಐವತ್ತು. ಮಕ್ಕಳಿಗೆ ಏನೂ ಆಗಿರಲಿಲ್ಲ. ಅಂಜಿಕೆಯನ್ನೇ ಯಂತ್ರ ಕಾಯಿಲೆ ಎಂದು ಕಲಿತಿತ್ತು.

"ತೆಗೆಸಿಕೊಂಡವರನ್ನ ಇದರಾಗ ಹಾಕ್ರಿ ಅಂತ ಯಾರು ಹೇಳಿದ್ರು?" ಎಂದು ಶಾಲ್ಮಲಾ ಕೇಳಿದಳು.

ತಬಸ್ಸುಮ್ ಅವಳ ಕಡೆ ತಿರುಗಿದಳು.

"ನೀವs, ಮೇಡಂ."

"ನಾನು?"

"ಶುರುವಿನ ವರ್ಷದ ಸಭೆ. ಎಲ್ಲಾರೂ ಚಾ ಕುಡ್ಯಾಕ ಎದ್ದಿದ್ರು. ಛಲೋ, ಕೆಟ್ಟ ಅಂತ ಪಟ್ಟಿಯಾಗ ಎರಡs ಮನೆ ಅದಾವ, ತೆಗೆಸಿಕೊಂಡವರನ್ನ ಯಾವುದರಾಗ ಹಾಕ್ಲಿ ಅಂತ ನಾನs ನಿಮಗ ಕೇಳಿದ್ದೆ. 'ಸುಮ್ಮಸುಮ್ಮನ ಯಾರು ತೆಗೆಸಿಕೋತಾರ? ಕೆಟ್ಟದರಾಗ ಹಾಕು' ಅಂದ್ರಿ. ನಾನೂ ಹೌದು ಅನ್ಕೊಂಡೆ."

ಶಾಲ್ಮಲಾ ನೆನಪಿಸಿಕೊಳ್ಳಲು ನೋಡಿದಳು. ಸಭೆಯ ಕೋಣೆ ನೆನಪಿಗೆ ಬಂತು, ತಾನು ಉಟ್ಟ ಸೀರೆಯೂ ಬಂತು. ಆ ಮಾತು ಮಾತ್ರ ಬರಲಿಲ್ಲ. ಚಹಾಕ್ಕೆ ಏಳುವ ಅವಸರದಲ್ಲಿ ಹೇಳಿದ ಎರಡು ವಾಕ್ಯ ಯಾರಿಗೆ ನೆನಪಿರುತ್ತದೆ? ಆಕೆ ಅಲ್ಲಿದ್ದ ಕುರ್ಚಿಯ ಮೇಲೆ ಕುಳಿತಳು. ಗೋಡೆಯ ಪರದೆಗಳಲ್ಲಿ ಹಸಿರು ದೀಪಗಳು ಮಿನುಗುತ್ತಲೇ ಇದ್ದವು.

"ಇದನ್ನ ಇವತ್ತs ನಿಂದರಸು, ತಬಸ್ಸುಮ್."

ನಿಲ್ಲಿಸಲು ಎರಡು ತಿಂಗಳು ಹಿಡಿಯಿತು. ಸಮಿತಿ ಮೂರು ಸಲ ಕೂಡಿತು. ತಪ್ಪನ್ನು ಸದ್ದಿಲ್ಲದೆ ತಿದ್ದಿದರೆ ಸಾಕು, ಮುಗಿದದ್ದನ್ನು ಕೆದಕಿ ಆ ಹೆಣ್ಣುಮಕ್ಕಳಿಗೆ ಮತ್ತೆ ದುಃಖ ಕೊಡುವುದೇಕೆ ಎಂದು ಕೆಲವರು ವಾದಿಸಿದರು. ಶಾಲ್ಮಲಾ ಒಪ್ಪಲಿಲ್ಲ. ತಾನು ಹೇಳಿದ ಮಾತನ್ನು ತಾನೇ ಎದ್ದುನಿಂತು ಸಭೆಗೆ ತಿಳಿಸಿದಳು. ಕೊನೆಗೆ ಆ ಚುಕ್ಕಿಗೆ ಅಂಕ ಕೊಡುವುದು ನಿಂತಿತು, ಉಳಿದ ದೋಷಗಳ ಅಂಕದಿಂದಲೂ ತೆಗೆಸಿಕೊಂಡವರ ಲೆಕ್ಕ ಹೊರಗೆ ಬಂತು. ಇನ್ನೂರ ಎಪ್ಪತ್ತೊಂದು ಮನೆಗಳಿಗೂ ಪತ್ರ ಕಳಿಸುವುದೆಂದು ತೀರ್ಮಾನವಾಯಿತು.

ಪತ್ರ ಹೋಗುವ ಮೊದಲು ಒಂದು ಮನೆಗಾದರೂ ತಾನೇ ಹೋಗಬೇಕೆಂದು ಅವಳಿಗನ್ನಿಸಿತು.

ಬೆಳಗಿನ ಹತ್ತು ಗಂಟೆ. ಮಲ್ಲೇಶಿ ಸಂತೆಗೆ ಹೋಗಿದ್ದ. ಸಾವಂತ್ರಿ ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಡಾಕ್ಟರನ್ನು ಕಂಡು ಎದ್ದು ಕೈ ತೊಳೆದುಕೊಂಡಳು, ಕುರ್ಚಿ ಒರೆಸಿ ಕೊಟ್ಟಳು. ಶಾಲ್ಮಲಾ ಕೂರಲಿಲ್ಲ. ಎಲ್ಲವನ್ನೂ ನಿಂತೇ ಹೇಳಿದಳು: ಇನಾಮದಾರರು ಕಂಡದ್ದು, ಯಂತ್ರ ಎಣಿಸಿದ ರೀತಿ, ಸಭೆಯಲ್ಲಿ ತಾನು ಆಡಿದ ಮಾತು.

ಎಲ್ಲ ಮುಗಿದ ಮೇಲೆ ಸಾವಂತ್ರಿ ಅಂದಳು: "ಹಂಗಾರ ನನ್ನ ಕೂಸು ಛಲೋ ಇತ್ತು."

"ಇತ್ತವ್ವ."

"ಅವತ್ತ ನಿಮ್ಮ ಮನಸ್ಸಿನಾಗ ಏನಿತ್ರಿ? ಖರೇ ಹೇಳ್ರಿ."

"ಏನೂ ಆಗಂಗಿಲ್ಲ ಅಂತ ಇತ್ತು."

"ಮತ್ತ ಯಾಕ ಹೇಳಲಿಲ್ರಿ?" ಅವಳು ಗಟ್ಟಿಯಾಗಿ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುವವರ ಹಾಗಿತ್ತು. "ಅಷ್ಟs ಸಾಕಾಗಿತ್ತಲ್ರಿ ನನಗ. ಅದನ್ನ ಕೇಳಾಕs ಬಂದಿದ್ದೆ ನಾನು."

"ಅಂಜಿದೆ," ಎಂದಳು ಶಾಲ್ಮಲಾ. "ನನ್ನ ಮಾತು ತಪ್ಪಾದ್ರ ನನ್ನ ಮ್ಯಾಲೆ ಬರತೈತಿ ಅಂತ ಅಂಜಿದೆ."

ಒಲೆಯ ಮೇಲಿನ ಹಂಚು ಕಾದು ಹೊಗೆಯಾಡುತ್ತಿತ್ತು. ಸಾವಂತ್ರಿ ಹೋಗಿ ಬೆಂಕಿ ಆರಿಸಿದಳು. ತಿರುಗಿದಾಗ ಅವಳು ಕೇಳಿದ್ದು ಬೇರೆಯೇ.

"ಆ ಪತ್ರ ನಮ್ಮ ಮನಿಗೂ ಬರತೈತೇನ್ರಿ?"

"ಹೌದು. ಮುಂದಿನ ವಾರ."

"ಬರಬಾರದು. ಟಪಾಲು ನಮ್ಮನಿಯವ್ರs ತಗೊಳ್ಳೂದು. ಇಟ್ಕೊಳ್ಳೂಣು ಅಂದಾವ್ರು ಅವ್ರು, ಬ್ಯಾಡ ಅಂದಾಕಿ ನಾನು. ಈಗ ಅದನ್ನ ಓದಿದ್ರ ನನಗ ಏನೂ ಅನ್ನಂಗಿಲ್ಲ ಅವ್ರು. ಏನೂ ಅನ್ನಲಾರದs ಜಲ್ಮಾ ಕಳೀತಾರ. ಅದನ್ನ ನೋಡಾಕ ನನಗಾಗಂಗಿಲ್ಲ." ಅವಳು ಶಾಲ್ಮಲಾಳ ಕೈ ಹಿಡಿದುಕೊಂಡಳು. "ಇಷ್ಟ ಮಾಡ್ರಿ ನನಗ."

"ಆತವ್ವ. ಅವ್ರಿಗೆ ಹೇಳಂಗಿಲ್ಲ," ಎಂದಳು ಶಾಲ್ಮಲಾ.

ಎಲ್ಲರಿಗೂ ಸತ್ಯ ತಿಳಿಯಲೇಬೇಕೆಂದು ಎರಡು ತಿಂಗಳು ಜಗಳಾಡಿದ್ದ ಶಾಲ್ಮಲಾ ಅಂದು ಸಂಜೆ ತಬಸ್ಸುಮ್‌ಗೆ ಫೋನ್ ಮಾಡಿ ಒಂದು ಹೆಸರನ್ನು ತೆಗೆಸಿದಳು. ಪತ್ರ ಹೋದದ್ದು ಇನ್ನೂರ ಎಪ್ಪತ್ತು ಮನೆಗೆ.

ಸುದ್ದಿ ಪತ್ರಿಕೆಗಳಲ್ಲಿ ಬಂತು. ಪತ್ರ ತಲುಪಿದ ಕೆಲವರು ಆಸ್ಪತ್ರೆಗೆ ಬಂದು ಕೂಗಾಡಿದರು. ಕೆಲವರು ಲಕೋಟೆಯನ್ನು ಒಡೆಯದೆ ಹಿಂದಿರುಗಿಸಿದರು. ಬೆಳಗಾವಿಯ ಒಬ್ಬ ತಾಯಿ, ಎಂಟು ವರ್ಷದ ಹಿಂದೆ ತೆಗೆಸಿಕೊಂಡವಳು, ಬಂದು ಒಂದು ಗಂಟೆ ಕುಳಿತು ಹೋದಳು. ಶಾಲ್ಮಲಾ ಬಂದವರನ್ನೆಲ್ಲ ತಾನೇ ಕಂಡಳು. ಸ್ಕ್ಯಾನಿಗೆ ಬಂದ ತಾಯಂದಿರಿಗೆ ಈಗ ಅಂಕದ ಹಾಳೆ ಕೊಡುವ ಮೊದಲು ತನಗೆ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದಳು. ತಪ್ಪಬಹುದು ಎಂದೂ ಹೇಳುತ್ತಿದ್ದಳು.

ಹದಿನೈದು ದಿನದ ಮೇಲೆ ಮಲ್ಲೇಶಿ ಬಂದ. ಕೈಯಲ್ಲಿ ಮಡಿಸಿದ ಪತ್ರಿಕೆ. ಮುಖ ಇಳಿದುಹೋಗಿತ್ತು, ಆದರೂ ಕಣ್ಣಲ್ಲಿ ಏನೋ ಆಸೆಯಿತ್ತು.

"ಎಲ್ಲಾರಿಗೂ ಪತ್ರ ಬಂದೈತಂತ್ರಿ. ನಮಗ ಬಂದಿಲ್ಲ."

ಶಾಲ್ಮಲಾ ಅವನಿಗೆ ಕುರ್ಚಿ ತೋರಿಸಿದಳು.

"ಬಂದಿಲ್ಲಂದ್ರ, ನಮ್ಮ ಕೂಸಿಗೆ ಖರೇನ ಏನೋ ಇತ್ತು, ಅಲ್ರೀ? ಅಷ್ಟ ಒಂದು ಹೇಳಿಬಿಡ್ರಿ. ಸಾವಂತ್ರಿ ಈ ಪೇಪರ್ ನೋಡಿ ಒಳಗ ಹೋದಾಕಿ ಸರಿಯಾಗಿ ಉಂಡಿಲ್ಲ, ಮಾತಾಡಿಲ್ಲ. ನಮ್ದು ಆ ಲೆಕ್ಕದಾಗ ಬರಂಗಿಲ್ಲ, ಡಾಕ್ಟರs ಹೇಳ್ಯಾರ ಅಂತ ಹೇಳಿದ್ರ ಅಕಿ ಬದುಕ್ತಾಳ್ರಿ."

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವನು ಕೈಮುಗಿದು ಎದ್ದು ಹೋಗುತ್ತಿದ್ದ. ಸಾವಂತ್ರಿ ಕೇಳಿಕೊಂಡದ್ದೂ ಅದನ್ನೇ. ಶಾಲ್ಮಲಾ ಅವನ ಕೈಯಲ್ಲಿ ಬೆವರಿಗೆ ಒದ್ದೆಯಾಗಿದ್ದ ಪತ್ರಿಕೆಯನ್ನು ನೋಡಿದಳು. ಇನ್ನೊಮ್ಮೆ ಈ ಮಗುವಿನ ಬಗ್ಗೆ ಹಗುರಾಗಿ ಮಾತಾಡುವುದು ಅವಳಿಂದ ಆಗಲಿಲ್ಲ.

"ಇಲ್ಲ, ಮಲ್ಲೇಶಿ. ಏನೂ ಇರಲಿಲ್ಲ. ಕೂಸು ಛಲೋ ಇತ್ತು."

ಅವನು ಪತ್ರಿಕೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಇನ್ನೂ ಸಣ್ಣದಾಗಿ ಮಡಿಸಿದ. ಮತ್ತೆ ಮಡಿಸಿದ. ಮಡಿಸಲು ಆಗದಷ್ಟಾದ ಮೇಲೆ ಹೇಳಿದ: "ಸಾವಂತ್ರಿಗೆ ಇದನ್ನ ಹೇಳಬ್ಯಾಡ್ರಿ. ಕೈಮುಗೀತೀನಿ. ಬ್ಯಾಡ ಅಂದಾಕಿ ತಾನು ಅಂತ ಅಕಿ ಎದಿ ಒಡ್ಕೋತಾಳ. ನಾ ಹೆಂಗರ ತಡ್ಕೋತೀನಿ."

"ಅಕಿಗೆ ಗೊತ್ತೈತಿ."

ಮಲ್ಲೇಶಿ ತಲೆಯೆತ್ತಿದ.

"ನಾನs ಹೋಗಿ ಹೇಳಿದ್ದೆ. ನಿಮಗ ಗೊತ್ತಾಗಬಾರದು ಅಂತ ಪತ್ರ ನಿಂದರಸಿದಾಕಿನೂ ಅಕಿನs. ಹೇಳಂಗಿಲ್ಲ ಅಂತ ಮಾತು ಕೊಟ್ಟಿದ್ದೆ, ಈಗ ಮುರದೀನಿ. ನೀವು ಅಕಿಗೆ ಗೊತ್ತಿಲ್ಲ ಅನ್ಕೊಂಡು, ಅಕಿ ನಿಮಗ ಗೊತ್ತಿಲ್ಲ ಅನ್ಕೊಂಡು, ಒಂದs ಮನಿಯಾಗ ಹೆಂಗ ಇರತೀರಿ? ಮನಿಗೆ ಹೋಗ್ರಿ. ಅಕಿ ಮುಂದ ಕುಂತು ಮಾತಾಡ್ರಿ."

ಅವನು ಎದ್ದು ಹೋದ. ಮಾತು ಮುರಿದದ್ದು ಸರಿಯೋ ತಪ್ಪೋ ಆಕೆಗೆ ತಿಳಿಯಲಿಲ್ಲ. ಕಿಟಕಿಯಿಂದ ನೋಡಿದರೆ, ಗೇಟಿನ ಬಳಿ ಬೈಕಿನ ಮೇಲೆ ಕುಳಿತವನು ಅರ್ಧ ಗಂಟೆಯಾದರೂ ಅದನ್ನು ಚಾಲು ಮಾಡಿರಲಿಲ್ಲ.

ಎರಡು ದಿನ ಕಳೆದು ಮಧ್ಯಾಹ್ನ ಸಾವಂತ್ರಿಯ ಫೋನ್ ಬಂತು. ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

"ಅವ್ರು ಹೇಳಿದ್ರು. ನೀವು ಹೇಳಿದ್ದೂ ಹೇಳಿದ್ರು."

"ತಪ್ಪಾತವ್ವ. ನಿನಗ ಮಾತು ಕೊಟ್ಟಿದ್ದೆ."

"ಇಬ್ರೂ ಅತ್ವಿ," ಎಂದಳು ಸಾವಂತ್ರಿ. "ಇಷ್ಟ ದಿನದಾಗ ಇಬ್ರೂ ಕೂಡಿ ಅತ್ತಿದ್ದು ಅದs ಮೊದಲು. ಅವ್ರು ಕೂಸಿಗೆ ಒಂದು ಹೆಸರು ಇಟ್ಟಿದ್ರಂತ, ಮನಸ್ಸಿನಾಗ. ನನಗ ಗೊತ್ತs ಇರಲಿಲ್ಲ. ಅಕ್ಕಾರ, ಒಂದು ಮಾತು. ನನಗ ಸಿಟ್ಟೈತಿ, ಸುಳ್ಳ್ಯಾಕ ಹೇಳ್ಲಿ. ನೀವು ಬಂದು ಹೇಳಿದ್ರಿ, ಅದು ದೊಡ್ಡದು. ಆದ್ರ ಇನ್ನ ನಮ್ಮ ಕಡೆ ಬರಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ನನಗ ತಡ್ಯಾಕ ಆಗಂಗಿಲ್ಲ."

"ಆತು ಸಾವಂತ್ರಿ. ಬರಂಗಿಲ್ಲ."

ಶಾಲ್ಮಲಾಳ ಮನೆಯಿಂದ ಆಸ್ಪತ್ರೆಗೆ ಹತ್ತಿರದ ದಾರಿ ಹಳೇ ಹುಬ್ಬಳ್ಳಿಯ ಆ ಖಾನಾವಳಿಯ ಮುಂದೆಯೇ ಹಾದುಹೋಗುತ್ತದೆ. ಮರುದಿನದಿಂದ ಆಕೆ ಕಾರನ್ನು ಸುತ್ತಿನ ದಾರಿಗೆ ತಿರುಗಿಸಿದಳು. ಇಪ್ಪತ್ತು ನಿಮಿಷ ಹೆಚ್ಚಿಗೆ ಹಿಡಿಯುತ್ತಿತ್ತು. ನಿವೃತ್ತಳಾಗುವವರೆಗೂ ಅದೇ ದಾರಿಯಲ್ಲಿ ಓಡಾಡಿದಳು.